ಗುರುವಾರದವರೆಗೆ ದೋಣಿಯಿಲ್ಲ

ಈ ಸಲದ ಉತ್ಸವಕ್ಕೆ ಹನ್ನೆರಡು ಬ್ರಿಟಿಷ್ ಚಿತ್ರ,
ಒಂದೇ ಮನೆಯಲ್ಲಿ ಹುಟ್ಟಿದ್ದು ಎರಡೇ.
ಉಳಿದವೆಲ್ಲ ನಾಲ್ಕಾರು ದೇಶ ಅಕ್ಕಿ ಹಾಕಿ
ಒಂದು ಗಡಿಗೆಯಲ್ಲಿ ಬೇಯಿಸಿದ್ದು.

ಇದೂ ಹಾಗೇ. ಮೊದಲ ದೃಶ್ಯಕ್ಕೆ ಮುಂಚೆ
ಒಂಬತ್ತು ಲಾಂಛನಗಳು ಬಂದು ಮುಖ ತೋರಿಸಿ ಹೋದವು:
ಲೀಡ್ಸಿನದೊಂದು, ಡೆನ್ಮಾರ್ಕಿನದೊಂದು,
ಬೆಲ್ಜಿಯಮ್ಮಿನ ತೆರಿಗೆ ವಿನಾಯಿತಿಯದೊಂದು,
ಕೊನೆಗೆ, ಪಂಕ್ತಿಯ ತುದಿಯಲ್ಲಿ ಎಲೆ ಸಿಕ್ಕ ಬಡನೆಂಟನ ಹಾಗೆ,
ನಮ್ಮದು.
ರೀಗಾದ ಜನ ಅದೊಂದಕ್ಕೇ ಚಪ್ಪಾಳೆ ತಟ್ಟಿದರು.

ನಾನು ಹಿಂದೆ, ಕಂಬದ ಮರೆಯಲ್ಲಿ.
ಹನ್ನೊಂದು ವರ್ಷದಿಂದ ಪ್ರತಿ ಅಕ್ಟೋಬರಿನಲ್ಲೂ ಇದೇ ಕೆಲಸ:
ಅವರು ಬಾಯಿ ತೆರೆದಾಗ ಗುಂಡಿ ಒತ್ತಿ
ಪರದೆಯ ಬುಡದಲ್ಲಿ ಲಾಟ್ವಿಯನ್ ಸಾಲು ಹತ್ತಿಸುವುದು,
ಮುಚ್ಚಿದಾಗ ಆರಿಸುವುದು.
ಚಿತ್ರವೊಂದಕ್ಕೆ ಸಾವಿರದ ನೂರು ಸಲ.
ನನ್ನ ತೋರುಬೆರಳಿಗೆ ಈಗ
ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತದೆ.

ಕಥೆ ಹಲ್ ಬಂದರಿನದು, ಎಪ್ಪತ್ತಾರನೇ ಇಸವಿ,
ಮೀನು ಕೈಬಿಟ್ಟ ಊರು.
ಆದರೆ ಈಗಿನ ಹಲ್ ಅಷ್ಟು ಸೋತಂತೆ ಕಾಣುವುದಿಲ್ಲವಂತೆ.
ಸೋಲು ನಮ್ಮಲ್ಲಿ ಅಗ್ಗಕ್ಕೆ ಸಿಕ್ಕಿತು:
ಲಿಯೆಪಾಯದ ಮೂರು ಬೀದಿಗೆ ಕೆಂಪು ಅಂಚೆಪೆಟ್ಟಿಗೆ ನೆಟ್ಟು,
ಟ್ರಾಮ್ ತಂತಿಯನ್ನು ಕಂಪ್ಯೂಟರಿನಲ್ಲಿ ಒರೆಸಿ,
ಹದಿನೇಳು ದಿನ ಇಂಗ್ಲೆಂಡು ಮಾಡಿದರು.
ಗಾಳಿಗೆ ಮಾತ್ರ ಬಣ್ಣ ಹಚ್ಚಬೇಕಾಗಲಿಲ್ಲ.

ದೀಪ ಆರುವ ಮೊದಲು ಒಬ್ಬ ನನ್ನ ಮೇಜಿನ ಹತ್ತಿರ ಬಂದ.
ಟಾಲಿವಾಲ್ಡಿಸ್ ಎಂದ. ಟ್ರಾಮ್ ಓಡಿಸುತ್ತಾನೆ.
ಒಂದು ದಿನ ರಜೆ, ಮೂರೂವರೆ ಗಂಟೆ ಬಸ್ಸು,
ನುಸಿಗುಳಿಗೆಯ ವಾಸನೆಯ ಕೋಟು.
‘ನಲವತ್ತೊಂದನೇ ನಿಮಿಷಕ್ಕೆ ನಾನಿದ್ದೇನಂತೆ.
ಸ್ವಲ್ಪ ನೋಡಿಕೊಳ್ಳಿ’ ಎಂದ,
ಸಾಮಾನು ಬಿಟ್ಟು ಹೋಗುವವನ ಹಾಗೆ.

ನಲವತ್ತೊಂದು.
ಮಂಜು. ಹಡಗುಕಟ್ಟೆ. ಓಡಿಬಂದು ಕೇಳುವ ಹೆಂಗಸು.
ಉಣ್ಣೆಟೋಪಿಯ ಕೆಳಗಿನ ಮುಖ ಇತ್ತ ತಿರುಗಿ
ಇಂಗ್ಲೆಂಡಿನ ಯಾರದೋ ಗೊಗ್ಗರು ದನಿಯಲ್ಲಿ ಹೇಳುತ್ತದೆ:
ಗುರುವಾರದವರೆಗೆ ದೋಣಿಯಿಲ್ಲ.
ಒತ್ತಿದೆ. ಹತ್ತಿತು. ಆರಿತು.

ಹನ್ನೊಂದು ವರ್ಷ ತುಟಿಗಳನ್ನೇ ಕಾದು ಕೂತವಳು ನಾನು.
ಆ ತುಟಿ ಗುರುವಾರ ಅನ್ನಲಿಲ್ಲ.

ಚಿತ್ರ ಮುಗಿದ ಮೇಲೆ ವೇದಿಕೆಯಲ್ಲಿ ಲೀಡ್ಸಿನ ನಿರ್ಮಾಪಕ
‘ಸಹಯೋಗ’ ಎಂದು ಆರು ಸಲ ಅಂದ, ಎಣಿಸಿದೆ.
ಆಚೆ ಕೋಟು ನೇತುಹಾಕುವಲ್ಲಿ ಟಾಲಿವಾಲ್ಡಿಸ್
ಒಂದು ತೋಳು ಹಾಕಿ, ಇನ್ನೊಂದು ಹುಡುಕುತ್ತ ಹೇಳಿದ:
‘ಏನಾದರೂ ಅನ್ನು, ದನಿ ಆಮೇಲೆ ಹಾಕುತ್ತೇವೆ ಅಂದರು.
ಏನು ಅನ್ನಲಿ? ಬಾಯಿಗೆ ಬಂದದ್ದು ಅಂದೆ.
ಮುಂದಿನ ನಿಲ್ದಾಣ ಉಕ್ಕಿನ ಕಾರ್ಖಾನೆ. ಬಾಗಿಲು ಮುಚ್ಚುತ್ತಿದೆ.’

ಕಾರ್ಖಾನೆ ಇಲ್ಲ ಈಗ. ಅಲ್ಲಿ ಇಳಿಯುವವರೂ ಇಲ್ಲ.
ನಿಲ್ದಾಣಕ್ಕೆ ಹೆಸರು ಹಾಗೇ ಉಳಿದಿದೆ, ಅವನು ಹಾಗೇ ಕೂಗುತ್ತಾನೆ.
ಹದಿನಾಲ್ಕು ವರ್ಷ ಆ ಕುಲುಮೆಯ ಮುಂದೆ ನಿಂತವನು.
‘ಚೆನ್ನಾಗಿ ಕಂಡೆನಾ?’ ಎಂದು ಕೇಳಿದ.
ತೋಳು ಸಿಕ್ಕಿತು. ಹೋದ.

ಭಾನುವಾರ ಎರಡನೇ ಪ್ರದರ್ಶನ, ಅರ್ಧ ಖಾಲಿ.
ನಲವತ್ತೊಂದಕ್ಕೆ ಹೆಂಗಸು ಓಡಿಬಂದಳು, ಮುಖ ತಿರುಗಿತು,
ಕಿವಿಗೆ ಗುರುವಾರ ಬಿತ್ತು.
ಕೆಳಗೆ, ಬಿಳಿ ಅಕ್ಷರದಲ್ಲಿ, ನಾನು ಮಧ್ಯಾಹ್ನವೇ ತಿದ್ದಿಟ್ಟ ಸಾಲು:
ಉಕ್ಕಿನ ಕಾರ್ಖಾನೆ. ಬಾಗಿಲು ಮುಚ್ಚುತ್ತಿದೆ.

ಕತ್ತಲಲ್ಲಿ ಎಲ್ಲೋ ಎಡಕ್ಕೆ ಯಾರೋ ನಕ್ಕರು,
ನಕ್ಕು, ಥಟ್ಟನೆ ನಿಲ್ಲಿಸಿದರು.

ಲೀಡ್ಸಿನವನು ಹೊರಗೆ ಬಂದು ಕೇಳಿದ,
‘ಅಲ್ಲಿ ನಗುವಂಥದ್ದೇನಿತ್ತು? ಅನುವಾದ ಸರಿಯಿದೆ ತಾನೆ?’
‘ಸರಿಯಿದೆ’ ಎಂದೆ.
ನನ್ನ ತೋರುಬೆರಳನ್ನು ಜೇಬಿಗೆ ಹಾಕಿಕೊಂಡೆ.