ಮನೆ ಎದ್ದ ಗುಂಡಿ

ಎರಡು ಸಾವಿರದ ಮುನ್ನೂರ ನಾಲ್ಕು ಕಲ್ಲು.
ಲೆಕ್ಕ ನನ್ನದೇ, ಹಳೆಯ ರೇಷನ್ ಕಾರ್ಡಿನ ರಟ್ಟಿನಲ್ಲಿ
ನೂರಕ್ಕೊಂದು ಗೀಟು.
ಚೋಮು ಮೇಸ್ತ್ರಿ ಕಡಿದದ್ದು, ಮಿಷನ್ ಅಲ್ಲ, ಕೊಡಲಿಯಲ್ಲಿ.
ಹಿತ್ತಿಲಿನಿಂದ ಎದ್ದದ್ದೇ ಗೋಡೆಯಾಗಿ ನಿಂತಿತು.
ಮನೆ ಆಯಿತು. ಹಿಂದೆ,
ಮನೆಗೆ ಬೇಕಾದಷ್ಟೇ ಅಗಲದ
ಒಂದು ‘ಇಲ್ಲ’ ಉಳಿಯಿತು.

ಹನ್ನೊಂದು ವರ್ಷ ಅದಕ್ಕೆ ಏನೇನು ಎಸೆದಿಲ್ಲ:
ತೆಂಗಿನ ಮಡಲು, ಒಡೆದ ಕಮೋಡು, ಸತ್ತ ಮಿಕ್ಸಿ,
ಒಮ್ಮೆ, ಸಿಟ್ಟಿನಲ್ಲಿ, ನನ್ನದೇ ಒಂದು ಚಪ್ಪಲಿ.
ಪೆರ್ಲದಿಂದ ಬಂದ ನೆಂಟರು ಅಂಚಿನಲ್ಲಿ ನಿಂತು
"ಮಣ್ಣು ತುಂಬಿಸಿಬಿಡು ವಾರಿಜಾ" ಎಂದು
ಚಹಾ ಕುಡಿದು ಹೋದರು.

ಆ ವರ್ಷ ಕುಂಭಮಾಸದಲ್ಲಿ ನಾನೇ ಇಳಿದೆ.
ಅರುವತ್ತೇಳು ಬುಟ್ಟಿ ಕಸ. ಅಡಿಯಲ್ಲಿ ಕೊಡಲಿಯ ಗುರುತು
ಮೀನಿನ ಮುಳ್ಳಿನ ಹಾಗೆ, ನಿನ್ನೆ ಕಡಿದಂತೆ.
ಚಪ್ಪಲಿಯೂ ಸಿಕ್ಕಿತು. ಇನ್ನೊಂದು ಎಲ್ಲಿ ಹೋಯಿತೋ.

ಮುರಕಲ್ಲು ನೀರು ಕುಡಿಯುತ್ತದೆ, ಹಿಂದೆ ಕೊಡುವುದಿಲ್ಲ.
ಹಾಗಾಗಿ ಮೊದಲು ಫ್ಲೆಕ್ಸು:
ಚುನಾವಣೆ ಮುಗಿದು ಕಂಬದಲ್ಲಿ ಒಣಗುತ್ತಿದ್ದ ನಾಲ್ಕು,
ಗೆದ್ದವನದೆರಡು, ಸೋತವಳದೆರಡು.
ನಗುಮುಖ ಮೇಲಾಗಿ ಹಾಸಿ
ಅದರ ಮೇಲೆ ಹುತ್ತದ ಮಣ್ಣು, ಗದ್ದೆಯ ಜೇಡಿ.
ತುಳಿಯಬೇಕು. ಒಬ್ಬಳ ಕಾಲು ಸಾಲದು.
ಬೇಲಿಯಾಚೆಯಿಂದ ಮರಿಯುಮ್ಮ ಬಂದಳು, ಸೊಸೆ ಬಂದಳು,
ಉಟ್ಟದ್ದನ್ನು ಮೊಣಕಾಲಿಗೆ ಎತ್ತಿ ಕಟ್ಟಿ
ಮೂರು ಹೆಂಗಸರು ಮೂರು ಮಧ್ಯಾಹ್ನ
ನಗುವವರ ಹಲ್ಲಿನ ಮೇಲೆ ನಡೆದೆವು.
ಅವಳು ಕುಳಂ ಎಂದಳು, ನಾನು ಮದಕ ಎಂದೆ,
ಸೊಸೆ ಏನೂ ಹೇಳದೆ ತುಳಿದಳು.
ಹೆಚ್ಚು ಗಟ್ಟಿಯಾದದ್ದು ಅವಳ ಬದಿ.

ಬದಿಯಡ್ಕದ ನರ್ಸರಿಯವನಿಗೆ ರಂಬುಟಾನ್ ಮಾರಬೇಕು.
ಡ್ರ್ಯಾಗನ್ ಇದೆ ಎಂದ, ಸಿಮೆಂಟು ಕಂಬ ಸಹಿತ.
"ನೀರು ಹಾಕದಿದ್ದರೂ ಬದುಕುವಂಥದು?"
"ಪ್ಲಾಸ್ಟಿಕ್ ಹೂವು ಪಕ್ಕದ ಅಂಗಡಿಯಲ್ಲಿ."

ಎರಡು ಮಳೆ ಬಿದ್ದ ಮೇಲೆ ಗುಡ್ಡೆಗೆ ಹೋದೆ.
ಆಚೆ ಬದಿಯಿಂದ ಜೆಸಿಬಿ ಸಮ ಮಾಡುತ್ತ ಬರುತ್ತಿತ್ತು,
ಈಚೆ ಬದಿ ಪಾರೆಯ ಸೀಳಿನಲ್ಲಿ
ಯಾರೂ ನೆಡದ ಕರಂಡೆ, ಕುಂಟಾಲ, ಕೇಪುಳ,
ನಾಲಗೆಗೆ ಶಾಯಿ ಬಳಿಯುವ ನೆಕ್ಕರೆ.
ಬೆರಳೆತ್ತರದ ಗಿಡಕ್ಕೆ ಮೊಳದುದ್ದ ಬೇರು.
ಕಿತ್ತರೆ ಬರುವುದಿಲ್ಲ, ಒಪ್ಪಿಸಬೇಕು:
ಗುದ್ದಲಿ, ನೀರು, ಮತ್ತೆ ಗುದ್ದಲಿ, ಎರಡು ಬೈಗುಳ.
ಹದಿನಾಲ್ಕು ತಂದೆ. ಒಂಬತ್ತು ಉಳಿದವು.
ಸತ್ತ ಐದರ ಕುಳಿ ಮುಚ್ಚಿಲ್ಲ. ಗುಂಡಿಗಳ ವಿಷಯದಲ್ಲಿ
ನನಗೀಗ ಅವಸರವಿಲ್ಲ.

ಮೊದಲ ಮಳೆಗಾಲ ನೀರು ನಿಲ್ಲಲಿಲ್ಲ.
ಚಹಾದ ಬಣ್ಣಕ್ಕೆ ತುಂಬಿತು, ಮಳೆ ಬಿಟ್ಟ ಮರುದಿನ ಗೇಣು ಇಳಿಯಿತು,
ವಾರದೊಳಗೆ, ಜೇಡಿ ಬಿರಿದಲ್ಲಿ,
ಸೋತವಳ ಹಣೆ.
"ಉಸಿರಾಡಲು ಮೇಲೆ ಬಂದಳಲ್ಲ" ಎಂದಳು ಮರಿಯುಮ್ಮ.
ಮತ್ತೆ ಜೇಡಿ, ಮತ್ತೆ ಕಾಲು.
ಎರಡನೆಯದರಲ್ಲಿ ನಿಂತಿತು. ಯಾಕೆ ನಿಂತಿತೆಂದು ಗೊತ್ತಿಲ್ಲ,
ಕಪ್ಪೆಗಳಿಗೆ ಯಾರು ಹೇಳಿದರೆಂದೂ.

ಪಂಚಾಯತಿನಿಂದ ಮಲಯಾಳದಲ್ಲಿ ನೋಟೀಸು ಬಂತು:
ನಿಂತ ನೀರು, ಸೊಳ್ಳೆ, ದಂಡ.
ಮರಿಯುಮ್ಮನ ಮೊಮ್ಮಗ ಓದಿ ಹೇಳಿದ,
ಸಂಜೆ ಬಾಟಲಿಯಲ್ಲಿ ಹದಿನೆಂಟು ಮೀನು ತಂದು ಬಗ್ಗಿಸಿದ:
"ಇದು ಉತ್ತರ."

ನಾಲ್ಕನೆಯ ಮೇ ತಿಂಗಳು ಕರಂಡೆ ಹಿಡಿಯಿತು. ಏಳೇ ಏಳು.
ಹಣ್ಣಿನ ಹಾಲು ತುಟಿಗೆ ಅಂಟಿ ಮಾತು ನಿಂತಿತು.
ಹುಳಿಗೆ ಸೊಸೆ ಕಣ್ಣು ಮುಚ್ಚಿ, ಬೇಲಿ ಕಟ್ಟಿಕೊಂಡಂದಿನಿಂದ
ಮೊದಲ ಸಲ, ಆಚೆ ಮನೆಗೂ ಕೇಳುವಂತೆ ನಕ್ಕಳು.

ಲೆಕ್ಕದ ಕೊನೆಯ ಕಲ್ಲು, ಆ ನಾಲ್ಕನೆಯದು,
ಮೂಲೆ ಮುರಿದು ಗೋಡೆಗೆ ಸಲ್ಲದ್ದು, ಈಗ ಮೆಟ್ಟಿಲು.
ಕೂತು ಕಾಲು ಇಳಿಬಿಡುತ್ತೇನೆ.
ಗಾಳಿಯಿಲ್ಲದ ಸಂಜೆ ಮನೆ ತಲೆಕೆಳಗಾಗಿ
ತಾನು ಎದ್ದು ಬಂದಲ್ಲಿಗೇ ಇಳಿದು
ಅಳತೆ ನೋಡಿಕೊಳ್ಳುತ್ತದೆ.
ಮೀನೊಂದು ಅಡುಗೆಮನೆಯ ಕಿಟಕಿಯಿಂದ ಒಳಹೊಕ್ಕದ್ದು
ಹೊರಗೆ ಬಂದಿಲ್ಲ. ಕಾಯುತ್ತಿದ್ದೇನೆ,
ಒಲೆಯ ಮೇಲೆ ಹಾಲಿಟ್ಟದ್ದು ಮರೆತು.