ಅರವತ್ತೈದು ವೋಲ್ಟು

ಗುತ್ತಲು ರಸ್ತೆಯ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಸುಟ್ಟ ಮೋಟಾರು ಬಿಚ್ಚಿ ಕಟ್ಟುತ್ತಿದ್ದೇನೆ.
ಮೂಸಿ ನೋಡಿಯೇ ಹೇಳಬಲ್ಲೆ:
ಇದು ಒಂದು ಫೇಸು ಹೋಗಿ ಸತ್ತದ್ದು,
ಇದು ನೀರು ಕುಡಿದು ಸತ್ತದ್ದು.
ಸೂಪರ್‌ವೈಸರ್ ಪರೀಕ್ಷೆಯ ಪುಸ್ತಕದಲ್ಲಿ
ಮೂಗಿಗೆ ಕೆಲಸವಿಲ್ಲ.

ಅಲ್ಲಿ ಕೇಳುತ್ತಾರೆ: ಸ್ಟಾರ್ ಜೋಡಣೆ,
ಫೇಸಿನಿಂದ ನ್ಯೂಟ್ರಲ್‌ಗೆ ಇನ್ನೂರ ನಲವತ್ತು.
ಫೇಸಿನಿಂದ ಫೇಸಿಗೆ ಎಷ್ಟು?
ಇನ್ನೂರ ನಲವತ್ತಕ್ಕೆ ಇನ್ನೂರ ನಲವತ್ತು ಕೂಡಿಸಿ
ನಾನೂರ ಎಂಬತ್ತು ಎಂದು ಬರೆದು
ಕೆಳಗೆ ಎರಡು ಗೆರೆಯನ್ನೂ ಎಳೆದೆ.
ಇನಾಯತ್ ಸಾಬರ ಮಗಳು ನಫೀಸಾ,
ಪಾಲಿಟೆಕ್ನಿಕ್ ಎರಡನೇ ವರ್ಷ,
ಕೆಂಪು ಪೆನ್ನಲ್ಲಿ ಅದನ್ನು ಹೊಡೆದು ಹಾಕಿ
ನಾನೂರ ಹದಿನೈದು ಎಂದಳು.

ನಾನೂರ ಹದಿನೈದು ಅಂತ ನನಗೂ ಗೊತ್ತು, ತಾಯಿ,
ದಿನಾ ಮೀಟರು ಹಿಡಿಯುವವನು ನಾನು.
ಆದರೂ ಲೆಕ್ಕ ಅಂದರೆ ಲೆಕ್ಕ ತಾನೇ?
ಮಿಕ್ಕ ಅರವತ್ತೈದು ಎಲ್ಲಿ ಹೋಯಿತು?
ಕಬ್ಬಿನ ಲೋಡು ತೂಗುವಾಗ
ಸೋಗೆಗಿಷ್ಟು, ಮಣ್ಣಿಗಿಷ್ಟು ಎಂದು ಮುರಿದುಕೊಳ್ಳುವ ಹಾಗೆ
ಇದನ್ನು ಯಾರು ಮುರಿದುಕೊಂಡರು?

ರೂಟ್ ಮೂರು ಎಂದಳು.
ರೂಟ್ ಮೂರು ಅಂದರೆ ಯಾವನು?
ಒಂದು ಪಾಯಿಂಟು ಏಳು ಮೂರು ಎರಡು ಎಂದಳು.
ಹೆಸರು ಕೇಳಿದರೆ ಮನೆ ನಂಬರು ಹೇಳಿದ ಹಾಗಾಯಿತು.

ಬಸರಾಳು ರಸ್ತೆ, ಹೊಂಬಾಳಮ್ಮನ ಆಲೆಮನೆ.
ಅಲ್ಲಿಗೆ ತ್ರೀ ಫೇಸು ಬರುವುದು ರಾತ್ರಿ ಹನ್ನೊಂದಕ್ಕೆ.
ಹದಿನೈದು ಎಚ್‌ಪಿ ಮೋಟಾರನ್ನು ಕೂರಿಸಿ, ಬೆಲ್ಟು ಬಿಗಿದು,
ಕಾಯುತ್ತ ಹಿತ್ತಲಿಗೆ ಹೋದೆ.
ಅವಳ ಮಾವನ ಕಾಲದ ಎತ್ತಿನ ಗಾಣ ಇದ್ದ ಜಾಗ.
ಗಾಣ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು,
ಎತ್ತು ತುಳಿದ ದುಂಡು ಮಾತ್ರ ಉಳಿದಿದೆ,
ಹುಲ್ಲು ಕೂಡ ಅಲ್ಲಿ ಅನುಮಾನಿಸಿಯೇ ಬೆಳೆಯುತ್ತದೆ.
ನಡುವೆ ಗೂಟದ ಕುಳಿ.

ನ್ಯೂಟ್ರಲ್, ಅನ್ನಿಸಿತು ಯಾಕೋ.

ನಫೀಸಾ ಬರೆದುಕೊಟ್ಟ ಚಿತ್ರದಲ್ಲಿ ಮೂರು ಬಾಣ, ಒಂದೇ ಬುಡ,
ಒಂದರ ಮುಖ ಇನ್ನೊಂದರ ಕಡೆಗಿಲ್ಲ.
ಕುಳಿಯಿಂದ ದುಂಡಿನ ಅಂಚಿಗೆ ಹಗ್ಗ ಎಳೆದೆ: ಹತ್ತು ಅಡಿ.
ಅದೇ ಹಗ್ಗದಲ್ಲಿ ಅಂಚಿನುದ್ದಕ್ಕೂ ಗುರುತು ಹಾಕುತ್ತ ಹೋದರೆ
ಆರಕ್ಕೆ ಸುತ್ತು ಮುಗಿಯುತ್ತದೆ,
ಬಡಗಿಯ ಮಗ ನಾನು, ಅಷ್ಟು ಗೊತ್ತು.
ಒಂದು ಬಿಟ್ಟು ಒಂದಕ್ಕೆ ಕಬ್ಬಿನ ಜಲ್ಲೆ ನೆಟ್ಟೆ.
ಒಂದಕ್ಕೆ ಹರಿದ ಸೀರೆಯ ಕೆಂಪು ಅಂಚು,
ಒಂದಕ್ಕೆ ಜೇಬಿನಲ್ಲಿದ್ದ ಹಳದಿ ಸ್ಲೀವು,
ಒಂದಕ್ಕೆ ಗೊಬ್ಬರದ ಚೀಲದ ನೀಲಿ ದಾರ.

ಬಾಯಲ್ಲಿ ಟಾರ್ಚು ಕಚ್ಚಿಕೊಂಡು
ಕೆಂಪಿನಿಂದ ಹಳದಿಗೆ ನೇರ ಟೇಪು ಹಿಡಿದೆ.
ಹದಿನೇಳು ಅಡಿ, ಮೇಲೆ ನಾಲ್ಕು ಇಂಚಿಗೆ ಒಂಚೂರು ಕಮ್ಮಿ.
ಹಳದಿಯಿಂದ ನೀಲಿಗೆ, ಅಷ್ಟೇ.
ನೀಲಿಯಿಂದ ಕೆಂಪಿಗೆ...
ಟಾರ್ಚು ಬಿದ್ದು ಹೋಯಿತು. ಹುಡುಕಲಿಲ್ಲ.

ಇಪ್ಪತ್ತಾಗಬೇಕಾದರೆ
ಕೆಂಪು ನಡುವಿನ ಕುಳಿಗೆ ಹೋಗಿ
ಅಲ್ಲಿಂದ ತಿರುಗಿ ಹಳದಿಯ ಹತ್ತಿರ ಬರಬೇಕು.
ಅದು ಹೋಗಲಿಲ್ಲ. ಅಡ್ಡದಾರಿ ಹಿಡಿಯಿತು.
ಅರವತ್ತೈದನ್ನು ಯಾರೂ ಮುರಿದುಕೊಂಡಿಲ್ಲ,
ಅಷ್ಟು ದೂರ ಯಾರೂ ನಡೆಯಲೇ ಇಲ್ಲ.

"ಏನ್ ಬೋರಣ್ಣ, ರಾತ್ರಿ ಹೊತ್ನಲ್ಲಿ ನಿಧಿ ಗಿಧಿ ತೋಡೀಯಾ?"
"ಹೂಂ ಕಣವ್ವ, ಸಿಕ್ತು."
"ಮೊದ್ಲು ನನ್ ಮೋಟ್ರು ನೋಡು ಬಾ."

ಹನ್ನೊಂದೂ ಹತ್ತಕ್ಕೆ ಕರೆಂಟು ಬಂತು.
ಸ್ಟಾರ್ಟರು ಒತ್ತಿದರೆ ಗಾಣ ಹಿಂದಕ್ಕೆ ತಿರುಗಿ
ಕೊಟ್ಟ ಜಲ್ಲೆಯನ್ನು ಕೊಟ್ಟವನ ಎದೆಗೇ ಉಗುಳಿತು.
ಕಂಬದ ಮೇಲೆ ಯಾರೋ ವೈರು ಬದಲಿಸಿದ್ದಾರೆ.
ಆರಿಸಿ, ಎರಡನ್ನು ಅದಲು ಬದಲು ಮಾಡಿದೆ.
ಬೈಗುಳ ನಿಂತಿತು, ಹಾಲು ಇಳಿಯಿತು,
ಒಲೆಗೆ ಸಿಪ್ಪೆ ಬಿತ್ತು.

ಕೊಪ್ಪರಿಗೆಯಲ್ಲಿ ನೊರೆ ಏರುತ್ತಿತ್ತು.
ಬೆಲ್ಲವಾಗದೆ, ಸುಮ್ಮನೆ ಜಾಗ ಹಿಡಿದು
ಕಂಠದ ತನಕ ಬರುವ ಅದಕ್ಕೂ
ಕರೆಂಟಿನಲ್ಲಿ ಒಂದು ಹೆಸರಿದೆಯಂತೆ,
ಅದು ಮುಂದಿನ ಪಾಠ.

ಬೆಳಗಿನ ಜಾವ ನಫೀಸಾಗೆ ಫೋನಿನಲ್ಲಿ ಹೇಳಿ ಕಳಿಸಿದೆ:
ರೂಟ್ ಮೂರು ಸಿಕ್ಕಿದ,
ಹೊಂಬಾಳಮ್ಮನ ಹಿತ್ತಲಲ್ಲಿದ್ದ.
ಎಂಟು ಗಂಟೆಗೆ ಉತ್ತರ ಬಂತು:
ಪರೀಕ್ಷೆಗೆ ಹಗ್ಗ ಬಿಡಲ್ಲ, ಅಣ್ಣ.