ಡ್ರಾ

ಡರ್ಹಮ್ ಸೀಮೆಯ ಆ ಮುಚ್ಚಿದ ಗಣಿಯೂರಿನಲ್ಲಿ
ರಕ್ತ ಪರೀಕ್ಷೆಗೆ ಹೋದ ನಿಸ್ರೀನ್,
ನರ್ಸ್ ‘ಡ್ರಾ’ ಅಂದದ್ದೇ ತಡ,
ಚಿತ್ರ ಬರೆಯುತ್ತಾಳೆಂದು ಬಗೆದು
ಗಲ್ಲ ಎತ್ತಿ, ಅಲುಗದೆ ಕೂತಳು.

ಪಕ್ಕದ ಮನೆಯ ಈಡಿ ಸ್ಟಾಬರ್ಟ್‌ಗೆ ನಗು.
ಎಂಬತ್ತೆರಡರ ನಗು, ಕೆಮ್ಮಾಗಿ ಮುಗಿಯಿತು.
‘ಕೂತ್ಕೋ, ಚಹಾ ಡ್ರಾ ಆಗಲಿ’ ಅಂದಳು
ಟೀಪಾಟಿಗೆ ಉಣ್ಣೆಯ ಕುಲಾವಿ ತೊಡಿಸುತ್ತ.

ಒಲೆಯ ಕೊಳವೆ ಗಾಳಿ ಹೀರಿದರೆ ಡ್ರಾ.
ಶನಿವಾರ ಯಾರೂ ಗೆಲ್ಲದ ಫುಟ್‌ಬಾಲ್ ಡ್ರಾ.
ಕ್ಲಬ್ಬಿನ ಚೀಟಿಯಲ್ಲಿ ನಿಸ್ರೀನಳಿಗೆ ಹಂದಿತೊಡೆ ಬಂದದ್ದೂ ಡ್ರಾ;
ಅದನ್ನು ಬೇಡವೆನ್ನುವುದು ಹೇಗೆಂದು ಇನ್ನೊಂದು ಪಾಠ.
ಗಂಡ ವಿಲ್ಫ್, ಕಲ್ಲಿದ್ದಲು ಬರಿದಾದ ಮೇಲೆ
ಊರೆಗಂಬಗಳನ್ನು ಒಂದೊಂದಾಗಿ ಕೀಳುತ್ತ
ಹಿಂದೆ ಹಿಂದೆ ಸರಿಯುತ್ತಿದ್ದನಲ್ಲ, ಅದೂ.
‘ಆಮೇಲೆ?’
‘ಆಮೇಲೇನು. ಒಂದು ದಿನ ಚಾವಣಿಗೇ ಅವಸರವಾಯಿತು.’

ಇದನ್ನು ಬರೆಯುತ್ತ ನನ್ನ ಕನ್ನಡ ತಡವರಿಸುತ್ತದೆ.
ನಾವು ನೀರು ಸೇದುತ್ತೇವೆ, ಬೀಡಿಯನ್ನೂ;
ಗೆರೆ ಎಳೆಯುತ್ತೇವೆ, ಉಸಿರನ್ನೂ;
ಪಿಂಚಣಿಯನ್ನು ಯಾರೂ ಎಳೆಯುವುದಿಲ್ಲ,
ಅದೇ ನಮ್ಮನ್ನು ಎಳೆದಾಡಿಸುತ್ತದೆ.

ಹಮಾದ ಹೊಳೆಯಲ್ಲಿ ನರಳುತ್ತ ನೀರೆತ್ತುವ
ಮರದ ಚಕ್ರವನ್ನು ನಿಸ್ರೀನ್ ಕೈಯಲ್ಲೇ ತಿರುಗಿಸಿದಳು.
‘ಅದೂ’ ಅಂದಳು ಈಡಿ.
ಆ ನರಳಿಕೆ ಕೇಳುವ ಮನೆಯಲ್ಲಿ ಅಮ್ಮ ಇದ್ದಳು.

ಪಾಠ ನಿಂತದ್ದು ಕಿಟಕಿಯ ಪರದೆಯ ಹತ್ತಿರ.
ಡ್ರಾ ಅಂದರೆ ಸರಿಸಿ ತೆರೆಯುವುದೂ ಹೌದು, ಮುಚ್ಚುವುದೂ ಹೌದು.
‘ಯಾವುದೆಂದು ತಿಳಿಯುವುದು ಹೇಗೆ?’
‘ಹೊತ್ತು ನೋಡಿ.’

ಮಾರ್ಚ್‌ನ ಒಂದು ರಾತ್ರಿ ಫೋನು ಬಂತು.
ಅಮ್ಮ.

ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ
ಬೀದಿಗೆ ಬೀದಿಯೇ ಕಣ್ಣು ಮುಚ್ಚಿತ್ತು.
ಬಿಸಿಲಿತ್ತು. ಹದಿನಾಲ್ಕು ಮನೆ, ಒಂದು ಕಿಟಕಿಯೂ ಇಲ್ಲ.
ಎರಡು ವರ್ಷದಿಂದ ಹೆದರಿದ್ದು ಇದಕ್ಕೇ ಅಂದುಕೊಂಡಳು,
ಕೊನೆಗೂ ಎಲ್ಲರೂ ಮುಖ ತಿರುಗಿಸಿದರು.

ಈಡಿ ಬಂದಳು. ಕಪ್ಪು ಕೋಟು, ಮನೆಯೊಳಗಿನ ಚಪ್ಪಲಿ.
ತೆಳು ಗೋಡೆಯಾಚೆಯ ಅಳು ಕೇಳಿ
ಏಳಕ್ಕೇ ಎದ್ದು ಬಾಗಿಲು ಬಾಗಿಲು ಬಡಿದಿದ್ದಳು.
ಸಾವಿನ ಮನೆಯಿದ್ದರೆ ಈ ಊರು ಹೀಗೆ.
ಹೇಳಲು ಬೇರೇನೂ ತೋಚದೆ
ಕಿಟಕಿಗಳತ್ತ ಕೈ ಮಾಡಿ ಆ ಒಂದು ಪದ ಹೇಳಿದಳು.

ಹನ್ನೊಂದನೇ ಮನೆಯ ಹುಡುಗನಿಗೆ ಪರದೆಯೇ ಇಲ್ಲ.
ಸಂಡರ್‌ಲೆಂಡಿನ ಕೆಂಪು ಬಿಳಿ ಪಟ್ಟೆಯ ಟವೆಲ್ಲನ್ನು
ಗಾಜಿಗೆ ಅಂಟಿಸಿದ್ದ. ಒಂದು ಮೂಲೆ ಕಳಚಿ ಜೋತಿತ್ತು.
ನಿಸ್ರೀನ್ ಅದನ್ನೇ ನೋಡುತ್ತ ನಿಂತಳು.
ಒಳಗಿನಿಂದ ಒಂದು ಕೈ ಬಂದು
ಮತ್ತೆ ಎಳೆಯಿತು.